ಆಪರೇಷನ್ ಗಂಡನಿಗೋ, ಹೆಂಡತಿಗೋ?

ತಂಗಿಯ ಎರಡನೇ ಹೆರಿಗೆಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಮಗು ಹುಟ್ಟಿ ಒಂದು ದಿನವೂ ಆಗಿರಲಿಲ್ಲ. ಸಿಸ್ಟರ್ ಒಬ್ಬರು ಸಂತಾನ ನಿಯಂತ್ರಣದ ಆಪರೇಷನ್ನಿನ ಫಾರಂ ಹಿಡಿದು ಬಂದು, 'ಇದೇ ಸಲ ಆಪರೇಷನ್ ಮುಗಿಸಿಬಿಡೋಣ ಅಲ್ವಾ ಅಮ್ಮ?' ಅಂದರು. ಕೇಳಿದ್ದು ತಂಗಿಯನ್ನು. ಉತ್ತರ ಕೊಟ್ಟಿದ್ದು ಅವಳ ಅತ್ತೆ. 'ಹೂಂ ಸಿಸ್ಟರ್, ಎರಡು ಸಾಕು. ಮತ್ತೆ ಯಾರು ಓಡಾಡೋದು, ಒಂದೇ ಸಲಕ್ಕೆ ಆಗಿಹೋಗಲಿ.' ತಂಗಿಯ ಗಂಡ ಆಗ ಎಳನೀರು ತರಲು ಕೆಳಗೆ ಹೋಗಿದ್ದರು. ವಾಪಸ್ ಬಂದ ಮೇಲೆ ವಿಷಯ ತಿಳಿಯಿತು, ತಲೆಯಾಡಿಸಿದರು. ತೀರ್ಮಾನಕ್ಕೆ ಹಿಡಿದದ್ದು ಎರಡು ನಿಮಿಷ. ಎಳನೀರು ಕೊಚ್ಚಿಸಿಕೊಂಡು ಬರೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದಿತ್ತು.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಸಿಸ್ಟರ್ ತಮ್ಮ ಕೆಲಸ ಮಾಡಿದರು. ಅತ್ತೆ ಸೊಸೆಯ ಮೇಲಿನ ಕಾಳಜಿಯಿಂದಲೇ ಹೇಳಿದರು. ತಂಗಿಗೂ ಮೂರನೆಯದು ಬೇಡವಾಗಿತ್ತು. ಆದರೆ ಒಂದು ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ಪಕ್ಕದಲ್ಲೇ ಕೂತಿದ್ದ ನನ್ನ ಬಾಯಿಂದಲೂ ಬರಲಿಲ್ಲ. ಗಂಡನಿಗೆ ಮಾಡಿಸಿದರೆ ಆಗಲ್ವಾ?

ಆಗುತ್ತೆ. ವೈದ್ಯಕೀಯವಾಗಿ ನೋಡಿದರೆ ಇನ್ನೂ ಸಲೀಸಾಗಿ ಆಗುತ್ತೆ. ಹಾಗಿದ್ದೂ ನಮ್ಮಲ್ಲಿ ಎಷ್ಟು ಜನ ಗಂಡಸರು ಮಾಡಿಸಿಕೊಳ್ಳುತ್ತಾರೆ ಗೊತ್ತಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪುಟ ತೆರೆದು ನೋಡಿ. 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ಶೇ 57.4ರಷ್ಟು ಮಂದಿಗೆ ಆಪರೇಷನ್ ಆಗಿದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 48.6 ಇತ್ತು. ಅಂದರೆ ನಾಲ್ಕೈದು ವರ್ಷದಲ್ಲಿ ಇಳಿಯುವ ಬದಲು ಏರಿದೆ. ಅದರ ಕೆಳಗಿನ ಸಾಲಿನಲ್ಲಿ ಗಂಡಸರ ಆಪರೇಷನ್ ಲೆಕ್ಕ ಇದೆ: ಶೇ 0.0. ಒಬ್ಬರೂ ಇಲ್ಲ ಅಂತಲ್ಲ, ದಶಾಂಶದ ಒಂದಂಕಿಗೂ ಸಿಗದಷ್ಟು ಕಮ್ಮಿ ಅಂತ. ಇಡೀ ದೇಶದ ಲೆಕ್ಕ ಶೇ 37.9 ಮತ್ತು ಶೇ 0.3. ನಾವು ದೇಶಕ್ಕಿಂತಲೂ ಒಂದು ಹೆಜ್ಜೆ ಹಿಂದೆಯೇ ಇದ್ದೇವೆ.

ಇದು ಎಂಥ ನಾಡು ಅಂತೀರಿ? 1930ರ ಜೂನ್‌ನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ಕಾರದ ಕಡೆಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿದ ಸಂಸ್ಥಾನ ನಮ್ಮ ಮೈಸೂರು. ಸರ್ಕಾರಿ ಕ್ಲಿನಿಕ್ ಅಂದರೆ ಜಗತ್ತಿನಲ್ಲೇ ಅದು ಮೊದಲು ಅಂತ ಹೇಳುತ್ತಾರೆ. ಸ್ವತಂತ್ರ ಭಾರತ ಕುಟುಂಬ ಯೋಜನೆ ಶುರು ಮಾಡಿದ್ದು 1952ರಲ್ಲಿ. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಅಂತ ಗೋಡೆ ಗೋಡೆಯ ಮೇಲೆ ಬರೆಸಿದೆವು. ಆ ಕೀರ್ತಿಯ ಬೆಲೆ ಕಟ್ಟಿದ್ದು ಮಾತ್ರ ಆರತಿ ಎತ್ತುವವರೇ.

ಮೊದಲು ಆಪರೇಷನ್ ವಿಷಯಕ್ಕೆ ಬರೋಣ. ಎರಡರಲ್ಲೂ ತತ್ವ ಒಂದೇ, ದಾರಿ ಬಂದ್ ಮಾಡೋದು. ಎಲ್ಲಿ ಬಂದ್ ಮಾಡುತ್ತಾರೆ ಅನ್ನೋದರಲ್ಲಿ ವ್ಯತ್ಯಾಸ ಇದೆ.

ಗಂಡಸರಲ್ಲಿ ವೀರ್ಯಾಣು ಸಾಗಿಸುವ ನಾಳಗಳು ಎರಡು. ಶ್ಯಾವಿಗೆ ಎಳೆಗಿಂತ ತುಸು ದಪ್ಪ. ವೃಷಣ ಚೀಲದ ಚರ್ಮದ ಕೆಳಗೇ, ಬೆರಳಿಗೆ ಸಿಗುವ ಹಾಗೆ ಇರುತ್ತವೆ. ಅಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚೂಪಾದ ಒಂದು ಇಕ್ಕಳದಿಂದ ಸಣ್ಣ ತೂತು ಮಾಡಿ, ನಾಳವನ್ನು ಹೊರಗೆಳೆದು, ಒಂದು ತುಂಡು ಕತ್ತರಿಸಿ, ತುದಿ ಕಟ್ಟಿ ಒಳಗೆ ಬಿಡುತ್ತಾರೆ. ಬ್ಲೇಡು ಇಲ್ಲ, ಹೊಲಿಗೆಯೂ ಇಲ್ಲ. ಹತ್ತು ಹದಿನೈದು ನಿಮಿಷದ ಕೆಲಸ. ಅರ್ಧ ಗಂಟೆ ಕೂತು ಮನೆಗೆ ಹೊರಡಬಹುದು. ಈ ವಿಧಾನ ಕಂಡುಹಿಡಿದವರು ಚೀನಾದ ಲಿ ಶುನ್‌ಚಿಯಾಂಗ್ ಅನ್ನುವ ಡಾಕ್ಟರ್, 1974ರಲ್ಲಿ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ತೊಂಬತ್ತರ ದಶಕದಲ್ಲಿ ಬಂತು. ಎನ್‌ಎಸ್‌ವಿ (ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿ, ಅಂದರೆ ಬ್ಲೇಡಿಲ್ಲದ ಗಂಡಸರ ಆಪರೇಷನ್) ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅದೇ ಇದು.

ಹೆಂಗಸರಲ್ಲಿ ಅಂಡಾಣು ಸಾಗಿಸುವ ಟ್ಯೂಬ್‌ಗಳು ಇರೋದು ಹೊಟ್ಟೆಯ ಒಳಗೆ. ಅಲ್ಲಿಗೆ ಹೋಗಬೇಕು ಅಂದರೆ ಹೊಟ್ಟೆಯ ಪದರಗಳನ್ನು ದಾಟಲೇಬೇಕು. ಹೆರಿಗೆಯಾದ ವಾರದೊಳಗೆ ಮಾಡಿದರೆ ಹೊಕ್ಕಳ ಹತ್ತಿರ ಸಣ್ಣದಾಗಿ ಕೊಯ್ಯುತ್ತಾರೆ. ಆಮೇಲೆ ಮಾಡುವುದಾದರೆ ಲ್ಯಾಪ್ರೋಸ್ಕೋಪ್. ಹೊಟ್ಟೆಗೆ ಗಾಳಿ ತುಂಬಿ, ಕೊಳವೆ ತೂರಿಸಿ, ಟ್ಯೂಬಿಗೆ ರಿಂಗ್ ಹಾಕುತ್ತಾರೆ. ಒಳ್ಳೆಯ ಆಸ್ಪತ್ರೆಯಲ್ಲಿ, ಕೈ ಪಳಗಿದ ಡಾಕ್ಟರ್ ಮಾಡಿದರೆ ಇದೂ ಸುರಕ್ಷಿತವೇ. ಸುಮ್ನೆ ಹೆದರಿಸಬಾರದು. ಆದರೆ ಕರುಳಿಗೋ ರಕ್ತನಾಳಕ್ಕೋ ಏಟು ಬೀಳುವ, ಅನಸ್ತೇಷಿಯಾ ಎಡವಟ್ಟಾಗುವ ಸಣ್ಣ ಅಪಾಯ ಇಲ್ಲಿದೆ. ಗಂಡಸರ ಆಪರೇಷನ್ನಿನಲ್ಲಿ ಹೊಟ್ಟೆಯೊಳಗೆ ಹೋಗುವ ಪ್ರಶ್ನೆಯೇ ಇಲ್ಲ. ಅಂಗಳದ ನಲ್ಲಿ ತಿರುಗಿಸಿದರೆ ನಿಲ್ಲುವ ನೀರಿಗೆ ಅಡುಗೆಮನೆ ಗೋಡೆ ಒಡೆದ ಹಾಗೆ ಆಯಿತು ನಮ್ಮ ಲೆಕ್ಕ.

ಫೇಲ್ ಆಗುವ ಸಾಧ್ಯತೆ ಎರಡರಲ್ಲೂ ತೀರಾ ಕಮ್ಮಿ. ಮೊದಲ ವರ್ಷದಲ್ಲಿ ಸಾವಿರ ಗಂಡಸರ ಆಪರೇಷನ್ನಿಗೆ ಒಂದೆರಡು ಗರ್ಭ, ಹೆಂಗಸರದ್ದರಲ್ಲಿ ಸುಮಾರು ಐದು. ವರ್ಷ ಕಳೆದಂತೆ ಹೆಂಗಸರ ಸಂಖ್ಯೆ ಸ್ವಲ್ಪ ಏರುತ್ತದೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವರ್ಷಕ್ಕೆ ಸಾವಿರಕ್ಕೆ 18.5 ಬಂತು. ಇಲ್ಲೊಂದು ಮಾತು ನೆನಪಿಡಿ. ಟ್ಯೂಬ್ ಆಪರೇಷನ್ ಆದ ಮೇಲೂ ಗರ್ಭ ನಿಂತರೆ ಅದು ಟ್ಯೂಬಿನಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಅದು ಪ್ರಾಣಕ್ಕೆ ಅಪಾಯ. ಮುಟ್ಟು ತಪ್ಪಿ ಹೊಟ್ಟೆನೋವು ಬಂದರೆ 'ನನಗೆ ಆಪರೇಷನ್ ಆಗಿದೆಯಲ್ಲ' ಅಂತ ಮನೆಯಲ್ಲಿ ಕೂರಬಾರದು.

ಗಂಡಸರದ್ದರಲ್ಲಿ ಇರುವ ಒಂದೇ ದೊಡ್ಡ ತೊಡಕು ಅಂದರೆ ಅದು ತಕ್ಷಣ ಕೆಲಸ ಮಾಡುವುದಿಲ್ಲ. ನಾಳದ ಮುಂದಿನ ಭಾಗದಲ್ಲಿ ಮೊದಲೇ ಇದ್ದ ವೀರ್ಯಾಣು ಖಾಲಿಯಾಗಬೇಕು. ಅದಕ್ಕೆ ಮೂರು ತಿಂಗಳು. ಅಲ್ಲಿಯವರೆಗೆ ಕಾಂಡೋಮ್ ಅಥವಾ ಬೇರೆ ಏನಾದರೂ ಬೇಕೇ ಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಅಂತ ರಿಪೋರ್ಟ್ ಬರಬೇಕು. ಆಮೇಲೆ ನಿಶ್ಚಿಂತೆ. 'ಗಂಡಸರ ಆಪರೇಷನ್ ನಂಬೋಕಾಗಲ್ಲ' ಅನ್ನುವ ಮಾತು ಊರಲ್ಲಿ ಹುಟ್ಟುವುದು ಎಷ್ಟೋ ಸಲ ಈ ಮೂರು ತಿಂಗಳನ್ನು ಯಾರೂ ಸರಿಯಾಗಿ ಹೇಳದೆ ಇದ್ದದ್ದರಿಂದ. ಚೀಲ ಊದಿಕೊಳ್ಳುವುದು, ರಕ್ತ ಹೆಪ್ಪುಗಟ್ಟುವುದು, ಸೋಂಕು, ಕೆಲವರಿಗೆ ಬಹಳ ದಿನ ಕಾಡುವ ನೋವು, ಇವೂ ಇವೆ. ಆದರೆ ನೂರಕ್ಕೆ ಒಬ್ಬಿಬ್ಬರ ಮಾತು ಅದು.

ಇಷ್ಟೆಲ್ಲಾ ಇದ್ದೂ ಗಂಡಸರು ಯಾಕೆ ಹತ್ತಿರ ಸುಳಿಯುವುದಿಲ್ಲ?

ಮೊದಲ ಕಾರಣ ನಮ್ಮ ಮಾತಿನಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಊರ ಕಡೆ ಇದಕ್ಕೆ 'ನರ ಕಟ್ ಮಾಡಿಸೋದು' ಅಂತಾರೆ. ನರ ಅಂದರೆ ನಮ್ಮ ತಲೆಯಲ್ಲಿ ಶಕ್ತಿ, ಕಸುವು. ನರ ದುರ್ಬಲವಾದರೆ ಮನುಷ್ಯನೇ ದುರ್ಬಲ. ಅಂಥದ್ದನ್ನು ಕಟ್ ಮಾಡಿಸಿಕೊಳ್ಳುವುದೇ? ವಾಸ್ತವದಲ್ಲಿ ಅದು ನರವೇ ಅಲ್ಲ, ಒಂದು ಪೈಪು. ಸರ್ಕಾರಿ ಕನ್ನಡ ಇನ್ನೂ ಭಯಂಕರ: 'ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ'. ಶಕ್ತಿ, ಹರಣ, ಶಸ್ತ್ರ, ಮೂರೂ ಒಂದೇ ಉಸಿರಿನಲ್ಲಿ. ಇದನ್ನು ಬ್ಯಾನರ್ ಮಾಡಿಸಿ ಆಸ್ಪತ್ರೆ ಗೇಟಿಗೆ ಕಟ್ಟಿ, ಗಂಡಸರೇ ಬನ್ನಿ ಅಂದರೆ ಯಾರು ಬರುತ್ತಾರೆ ಹೇಳಿ. ಹೋರಿಗೆ ಬೀಜ ಒಡೆಯುವುದನ್ನು ಚಿಕ್ಕಂದಿನಿಂದ ನೋಡಿದ ರೈತನಿಗೆ ಕಣ್ಣ ಮುಂದೆ ಬರುವುದು ಅದೇ ಚಿತ್ರ. ಬೀಜ ಒಡೆದ ಹೋರಿ ಎತ್ತಾಗುತ್ತದೆ, ತಣ್ಣಗಾಗುತ್ತದೆ, ನೊಗಕ್ಕೆ ಕುತ್ತಿಗೆ ಕೊಡುತ್ತದೆ.

ಎರಡಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಬೀಜವನ್ನು ಮುಟ್ಟುವುದೇ ಇಲ್ಲ. ಗಂಡಸ್ತನಕ್ಕೆ ಕಾರಣವಾದ ಹಾರ್ಮೋನ್ ಬೀಜದಿಂದ ನೇರ ರಕ್ತಕ್ಕೆ ಸೇರುತ್ತದೆ, ಈ ನಾಳದಲ್ಲಿ ಹರಿಯುವುದಿಲ್ಲ. ಹಾಗಾಗಿ ಆಸೆ, ನಿಮಿರುವಿಕೆ, ಗಡ್ಡ, ದನಿ, ಹೊಲದಲ್ಲಿ ಮೂಟೆ ಎತ್ತುವ ಕಸುವು, ಯಾವುದೂ ಬದಲಾಗುವುದಿಲ್ಲ. ವೀರ್ಯವೂ ಮೊದಲಿನಷ್ಟೇ ಬರುತ್ತದೆ. ಅದರಲ್ಲಿ ವೀರ್ಯಾಣುವಿನ ಪಾಲು ನೂರಕ್ಕೆ ಎರಡರಿಂದ ಐದು ಮಾತ್ರ. ಕಮ್ಮಿಯಾದದ್ದು ಕಣ್ಣಿಗೂ ಗೊತ್ತಾಗುವುದಿಲ್ಲ.

ಎರಡನೇ ಕಾರಣ ಇತಿಹಾಸ. ಈಗಿನ ಹುಡುಗರಿಗೆ ನಂಬಲು ಕಷ್ಟ, ಆದರೆ ಒಂದು ಕಾಲದಲ್ಲಿ ಈ ದೇಶದಲ್ಲಿ ಆಪರೇಷನ್ ಅಂದರೆ ಗಂಡಸರದ್ದೇ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ ಸುಮಾರು 63 ಸಾವಿರ ಗಂಡಸರು ಮಾಡಿಸಿಕೊಂಡರು. ಅಲ್ಲಿ ದುಡ್ಡು, ಉಡುಗೊರೆ, ಜಾತ್ರೆಯ ಸಂಭ್ರಮ ಎಲ್ಲಾ ಇತ್ತು. ನಾಲ್ಕೇ ವರ್ಷದಲ್ಲಿ ತುರ್ತು ಪರಿಸ್ಥಿತಿ ಬಂತು, ಜಾತ್ರೆ ಹೋಗಿ ಬೇಟೆ ಶುರುವಾಯಿತು. ಸಂಜಯ್ ಗಾಂಧಿಯ ಉತ್ಸಾಹ, ಅಧಿಕಾರಿಗಳಿಗೆ ಟಾರ್ಗೆಟ್, ಟಾರ್ಗೆಟ್ ಮುಟ್ಟದಿದ್ದರೆ ಸಂಬಳಕ್ಕೆ ಕತ್ತರಿ. 1976-77ರ ಒಂದೇ ವರ್ಷದಲ್ಲಿ 82 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅದರಲ್ಲಿ 62 ಲಕ್ಷದಷ್ಟು ಗಂಡಸರದ್ದು. 1976ರ ನವೆಂಬರ್‌ನಲ್ಲಿ ಹರಿಯಾಣದ ಉಟಾವರ್ ಅನ್ನುವ ಹಳ್ಳಿಯನ್ನು ರಾತ್ರೋರಾತ್ರಿ ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಆಪರೇಷನ್‌ಗೆ ಸಂಬಂಧಿಸಿದ 1,774 ಸಾವುಗಳ ಲೆಕ್ಕ ಆಮೇಲೆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ವರದಿಯಲ್ಲಿ ಬಂತು.

1977ರ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ರಾಜಕಾರಣಿಗಳು ಕಲಿತ ಪಾಠ ಮಾತ್ರ ವಿಚಿತ್ರ. ಬಲವಂತ ಮಾಡಬಾರದು ಅಂತ ಕಲಿಯುವ ಬದಲು ಗಂಡಸರ ತಂಟೆಗೆ ಹೋಗಬಾರದು ಅಂತ ಕಲಿತರು. ಇಲಾಖೆಯ ಹೆಸರಿನಲ್ಲಿ 'ಯೋಜನೆ' ಹೋಗಿ 'ಕಲ್ಯಾಣ' ಬಂತು. ಅದೇ ಹೊತ್ತಿಗೆ ಲ್ಯಾಪ್ರೋಸ್ಕೋಪ್ ಬಂತು. ಟಾರ್ಗೆಟ್ ಹಾಗೇ ಉಳಿಯಿತು, ಮೇಜಿನ ಮೇಲೆ ಮಲಗುವವರು ಬದಲಾದರು. ಹೆಂಗಸರು ಗಲಾಟೆ ಮಾಡುವುದಿಲ್ಲ, ಸರ್ಕಾರ ಬೀಳಿಸುವುದಿಲ್ಲ.

ಆ ನೆರಳು ಇನ್ನೂ ಪೂರ್ತಿ ಹೋಗಿಲ್ಲ. 2020ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದ ಆರೋಗ್ಯ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಿದರು. ಪ್ರತಿ ಪುರುಷ ಆರೋಗ್ಯ ಕಾರ್ಯಕರ್ತ ಒಬ್ಬ ಗಂಡಸನ್ನಾದರೂ ಕರೆತರಬೇಕು, ಇಲ್ಲದಿದ್ದರೆ ಸಂಬಳ ನಿಲ್ಲುತ್ತೆ ಅಂತ. ಗದ್ದಲ ಎದ್ದ ಕೂಡಲೇ ವಾಪಸ್ ತೆಗೆದುಕೊಂಡರು. ಗಂಡಸರ ಪಾಲು ಹೆಚ್ಚಿಸಬೇಕು ಅನ್ನೋದು ಸರಿ. ಆದರೆ ಗೊತ್ತಿರುವ ದಾರಿ ಇನ್ನೂ ಅದೊಂದೇ ನೋಡಿ.

ಮೂರನೇ ಕಾರಣ ನನಗೆ ಗೊತ್ತಾದದ್ದು ಗೆಳೆಯನೊಬ್ಬನ ಮನೆಯಲ್ಲಿ. ಅವನು ಎರಡನೇ ಮಗು ಆದ ಮೇಲೆ ತಾನೇ ಮಾಡಿಸಿಕೊಂಡ. ಹೆಂಡತಿಗೆ ಬಿಪಿ ಇತ್ತು, ಹೆರಿಗೆಯೇ ಕಷ್ಟವಾಗಿತ್ತು. ಶುಕ್ರವಾರ ಮಾಡಿಸಿಕೊಂಡು, ಎರಡು ದಿನ ಸೋಫಾ ಮೇಲೆ ಐಸ್ ಚೀಲ ಇಟ್ಟುಕೊಂಡು ಕ್ರಿಕೆಟ್ ನೋಡಿ, ಸೋಮವಾರ ಆಫೀಸಿಗೆ ಹೋದ. ಬೈಕ್ ಮಾತ್ರ ಒಂದು ವಾರ ಮುಟ್ಟಲಿಲ್ಲ. ಆಫೀಸಿನಲ್ಲಿ ಹರ್ನಿಯಾ ಅಂತ ಹೇಳಿದ್ದ. ಅವನ ಅಮ್ಮನಿಗೂ ಹರ್ನಿಯಾ ಅಂತಲೇ. ಆಶ್ಚರ್ಯ ಅಂದರೆ, ಮೊದಲು ಬೇಡ ಅಂತ ಹಠ ಹಿಡಿದವಳು ಅವನ ಹೆಂಡತಿ. ಯಾಕೆ ಅಂತ ಕೇಳಿದೆ. ಆಕೆ ಅಂದರು: 'ಅಣ್ಣಾ, ಇವರಿಗೆ ಆಪರೇಷನ್ ಆಗಿ, ನಾಳೆ ಹೇಗೋ ನನಗೆ ನಿಂತುಬಿಟ್ಟರೆ? ಆಪರೇಷನ್ ಫೇಲ್ ಆಯ್ತು ಅಂತ ಯಾರು ನಂಬ್ತಾರೆ?'

ನನ್ನಲ್ಲಿ ಉತ್ತರ ಇರಲಿಲ್ಲ. ಎಷ್ಟೋ ಹೆಂಗಸರು ತಾವೇ ಮುಂದಾಗಿ 'ನನಗೇ ಮಾಡಿ' ಅನ್ನುವುದನ್ನು ತ್ಯಾಗ ಅಂತ ನಾವು ಹೊಗಳುತ್ತೇವೆ. ಅದರೊಳಗೆ ಈ ಲೆಕ್ಕಾಚಾರವೂ ಇದೆ. ತನ್ನ ಟ್ಯೂಬ್ ಕಟ್ಟಿಸಿಕೊಂಡ ಹೆಂಗಸಿನ ಆಪರೇಷನ್ ಫೇಲ್ ಆದರೆ ಅದು ಡಾಕ್ಟರ ತಪ್ಪು. ಗಂಡನದ್ದು ಫೇಲ್ ಆದರೆ ಅವಳ ನಡತೆಯ ಪ್ರಶ್ನೆ. ಹೊಟ್ಟೆ ಕೊಯ್ಸಿಕೊಳ್ಳುವುದು ಅವಳಿಗೆ ಒಂದು ಥರದ ವಿಮೆ. ಗಂಡಸರಿಗೆ ಎಷ್ಟು ಅರಿವು ಮೂಡಿಸಿದರೂ, ಈ ಅನುಮಾನ ಊರಲ್ಲಿ ಇರುವ ತನಕ ಆ 0.0 ಅಲುಗಾಡುವುದು ಕಷ್ಟ.

'ದುಡಿಯೋ ಗಂಡಸಿಗೆ ಯಾಕೆ ಬೇಕು' ಅನ್ನುವ ವಾದ ಇನ್ನೊಂದಿದೆ. ಇದಕ್ಕೆ ಜಾಸ್ತಿ ಮಾತು ಬೇಡ. ಬಾಣಂತನ ಮುಗಿದ ಕೂಡಲೇ ಕೊಡ ಹೊರುವವಳು, ಕಳೆ ಕೀಳುವವಳು, ಗಾರ್ಮೆಂಟ್ಸ್‌ನಲ್ಲಿ ಎಂಟು ಗಂಟೆ ಮಿಷನ್ ತುಳಿಯುವವಳು ದುಡಿಯುವವಳಲ್ಲವಂತೆ. ಗಂಡಸು ಎರಡು ದಿನ ವಿಶ್ರಾಂತಿ ತಗೊಂಡು, ವಾರದ ಮಟ್ಟಿಗೆ ಭಾರ ಎತ್ತದೆ ಸೈಕಲ್ ತುಳಿಯದೆ ಇದ್ದರೆ ಸಾಕು. ಹೆಂಗಸಿಗೆ ಅದಕ್ಕಿಂತ ಜಾಸ್ತಿ ದಿನ ಬೇಕು. ಸರ್ಕಾರವೇನೋ ಗಂಡಸರಿಗೇ ಹೆಚ್ಚು ದುಡ್ಡು ಇಟ್ಟಿದೆ. ಕೇಂದ್ರದ ಯೋಜನೆ ಪ್ರಕಾರ ಕರ್ನಾಟಕದಂಥ ರಾಜ್ಯಗಳಲ್ಲಿ ಗಂಡಸಿಗೆ 1,100 ರೂಪಾಯಿ, ಬಿಪಿಎಲ್ ಮತ್ತು ಎಸ್‌ಸಿ, ಎಸ್‌ಟಿ ಹೆಂಗಸಿಗೆ 600 ರೂಪಾಯಿ. ಇಂದಿನ ಕೂಲಿ ಲೆಕ್ಕದಲ್ಲಿ ಇದು ಯಾರ ಮನಸ್ಸನ್ನೂ ಬದಲಿಸುವ ಮೊತ್ತವಲ್ಲ. ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಪ್ರತಿವರ್ಷ ಪುರುಷರ ಪಾಕ್ಷಿಕ ಅಂತ ಆಚರಿಸುತ್ತಾರೆ. ಜಾಥಾ ನಡೆಯುತ್ತದೆ. ಜಾಥಾದಲ್ಲಿ ನಡೆಯುವವರು ಹೆಚ್ಚಾಗಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಓದುವ ಹುಡುಗಿಯರು.

ಇಷ್ಟು ಕಾರಣ ಹೇಳಿದ ಮೇಲೂ ಮತ್ತೆ ಆ ಹೆರಿಗೆ ವಾರ್ಡಿಗೇ ಹೋಗಬೇಕು ಅನ್ನಿಸುತ್ತದೆ ನನಗೆ. ಗಂಡಸರ ಭಯ, ಹೆಂಗಸರ ಅಳುಕು ಎಲ್ಲಾ ಸರಿ. ಆದರೆ ಬಹಳಷ್ಟು ಮನೆಗಳಲ್ಲಿ ವಿಷಯ ಅಲ್ಲಿಯ ತನಕ ಹೋಗುವುದೇ ಇಲ್ಲ. ಯಾಕೆಂದರೆ ಹೆಂಗಸು ಆಗಲೇ ಆಸ್ಪತ್ರೆಯಲ್ಲಿದ್ದಾಳೆ. ತಾಯಿ ಕಾರ್ಡ್ ಅವಳ ಹೆಸರಲ್ಲಿದೆ, ರಕ್ತ ಪರೀಕ್ಷೆ ಅವಳದ್ದಾಗಿದೆ, ಸಿಸ್ಟರ್‌ಗೆ ಪರಿಚಯ ಇರುವುದು ಅವಳೇ. ಮೂರನೇ ತಿಂಗಳಿಂದ ಹೆರಿಗೆಯವರೆಗೆ ಆರೋಗ್ಯ ವ್ಯವಸ್ಥೆ ಅವಳ ಹಿಂದೆ ಇದೆ. ಅವಳ ಗಂಡನ ಹೆಸರು ಬರುವುದು ಒಂದು ಕಾಲಂನಲ್ಲಿ ಮಾತ್ರ. ಆ ಗಂಡಸಿಗೆ ಇದರ ಬಗ್ಗೆ ಒಂದು ಮಾತು ಹೇಳಲು ಯಾರಿಗೂ ಸಂದರ್ಭವೇ ಒದಗುವುದಿಲ್ಲ. ಹಾಗಾಗಿ 'ಯಾವುದು ಒಳ್ಳೆಯದು' ಅಂತ ಎರಡನ್ನೂ ಪಕ್ಕದಲ್ಲಿಟ್ಟು ತೂಗಿ ಹೆಂಗಸರದ್ದನ್ನು ಆರಿಸಿಕೊಂಡವರು ನಮ್ಮಲ್ಲಿ ಕಮ್ಮಿ. ಆಯ್ಕೆಯೇ ನಡೆದಿರುವುದಿಲ್ಲ. ದೇಶದ ಗಂಡಸರಲ್ಲಿ ಶೇ 35ರಷ್ಟು ಮಂದಿ ಗರ್ಭನಿರೋಧ ಹೆಂಗಸರ ಕೆಲಸ, ನಾವು ತಲೆಕೆಡಿಸಿಕೊಳ್ಳಬೇಕಿಲ್ಲ ಅಂತ ಮೊದಲು ಹೇಳಿದ ಆರೋಗ್ಯ ಸಮೀಕ್ಷೆಯಲ್ಲೇ ಒಪ್ಪಿಕೊಂಡಿದ್ದಾರೆ. ಉಳಿದವರು ಹಾಗೆ ಹೇಳಲಿಲ್ಲ. ಹಾಗಂತ ಆಪರೇಷನ್ ಮೇಜಿನ ಮೇಲೂ ಅವರು ಕಾಣಲಿಲ್ಲ.

ಕೆನಡಾ, ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲಿ ಗಂಡಸರ ಆಪರೇಷನ್ನೇ ಹೆಂಗಸರದ್ದಕ್ಕಿಂತ ಹೆಚ್ಚು. ಅದು ಶ್ರೀಮಂತ ದೇಶಗಳ ಮಾತು ಅನ್ನುವವರು ಪಕ್ಕದ ಭೂತಾನ್, ನೇಪಾಳ ನೋಡಬಹುದು. ಅಲ್ಲೂ ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಗಂಡಸರು ಮಾಡಿಸಿಕೊಳ್ಳುತ್ತಾರೆ.

ಹೆಂಗಸರ ಆಪರೇಷನ್ನನ್ನು ಸರ್ಕಾರ ಎಷ್ಟು ಹಗುರವಾಗಿ ತೆಗೆದುಕೊಂಡಿತ್ತು ಅನ್ನೋದಕ್ಕೆ ಛತ್ತೀಸ್‌ಗಢದ ಬಿಲಾಸ್‌ಪುರ ಸಾಕ್ಷಿ. 2014ರ ನವೆಂಬರ್ 8ರಂದು ಅಲ್ಲೊಂದು ಶಿಬಿರದಲ್ಲಿ ಒಬ್ಬರೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಆ ಶಿಬಿರದಲ್ಲೂ ಅದೇ ಸಮಯದ ಅಕ್ಕಪಕ್ಕದ ಶಿಬಿರಗಳಲ್ಲೂ ಆಪರೇಷನ್ ಆದ ಹನ್ನೆರಡಕ್ಕೂ ಹೆಚ್ಚು ಹೆಂಗಸರು ತೀರಿಕೊಂಡರು. ಬಡವರು, ಚಿಕ್ಕ ವಯಸ್ಸಿನವರು, ಮನೆಯಲ್ಲಿ ಮೊಲೆಹಾಲು ಕುಡಿಯುವ ಮಕ್ಕಳಿದ್ದವರು. ಆರೋಗ್ಯ ಹಕ್ಕುಗಳ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಹಾಕಿದ್ದ ಪ್ರಕರಣದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಿ ಅಂತ ಹೇಳಿತು. ಟಾರ್ಗೆಟ್ ಇಟ್ಟುಕೊಂಡು ಜನರನ್ನು ಎಳೆದು ತರಬಾರದು ಅಂತಲೂ ಹೇಳಿತು. ಯಾರಾದರೂ ನಿಮಗೆ 'ಶಿಬಿರ ಇದೆ, ಬನ್ನಿ' ಅಂದರೆ, ಎಲ್ಲಿ, ಯಾವ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ, ಒಂದು ದಿನಕ್ಕೆ ಎಷ್ಟು ಜನಕ್ಕೆ ಅಂತ ಕೇಳಿ. ಕೇಳಿದರೆ ತಪ್ಪಿಲ್ಲ.

ಹಾಗಾದರೆ ಹೆಂಗಸರ ಆಪರೇಷನ್ ಯಾವಾಗಲೂ ತಪ್ಪೇ? ಖಂಡಿತ ಅಲ್ಲ. ಸಿಸೇರಿಯನ್ ಆಗುತ್ತಿದ್ದರೆ ಹೊಟ್ಟೆ ಆಗಲೇ ತೆರೆದಿರುತ್ತದೆ. ಟ್ಯೂಬ್ ಕಟ್ಟಲು ಇನ್ನೈದು ನಿಮಿಷ ಸಾಕು. ಕರ್ನಾಟಕದಲ್ಲಿ ಹೆರಿಗೆಗಳಲ್ಲಿ ಸುಮಾರು ಮೂರರಲ್ಲೊಂದು ಸಿಸೇರಿಯನ್ ಆಗಿರುವಾಗ ಇದು ಸಣ್ಣ ಮಾತಲ್ಲ. ಟ್ಯೂಬನ್ನು ಪೂರ್ತಿ ತೆಗೆದರೆ ಮುಂದೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆಯೂ ಇಳಿಯುತ್ತದೆ ಅಂತ ಈಗ ಗೊತ್ತಾಗಿದೆ. ಇನ್ನೊಂದು ಬಸಿರು ತನ್ನ ಜೀವಕ್ಕೇ ಅಪಾಯ ಅನ್ನುವ ಸ್ಥಿತಿ ಇದ್ದರೆ, ಆ ರಕ್ಷಣೆ ತನ್ನ ಮೈಯಲ್ಲೇ ಇರಲಿ ಅಂತ ಹೆಂಗಸು ಬಯಸುವುದು ಸಹಜ. ಕುಡುಕ ಗಂಡ, ಮಾತು ಕೇಳದ ಗಂಡ, ಊರು ಬಿಟ್ಟು ಹೋಗುವ ಗಂಡ ಇದ್ದ ಮನೆಯಲ್ಲಿ ಅವನ ಆಪರೇಷನ್ ನಂಬಿ ಕೂರಲು ಆಗುವುದಿಲ್ಲ. ಅಂಥ ಹೆಂಗಸಿಗೆ ಟ್ಯೂಬ್ ಆಪರೇಷನ್ ಅಂದರೆ ತನ್ನ ಬದುಕಿನ ಮೇಲೆ ಸಿಗುವ ಮೊದಲ ಹಿಡಿತ. ಅದನ್ನು ಕಮ್ಮಿ ಅಂದಾಜು ಮಾಡಬಾರದು.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆಪರೇಷನ್‌ಗೆ ಗಂಡನ ಸಹಿ ಬೇಕಾಗಿಲ್ಲ, ಅವನದ್ದಕ್ಕೆ ಹೆಂಡತಿಯ ಸಹಿಯೂ ಬೇಡ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಹೀಗಿದೆ. ಮದುವೆಯಾಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು, ಹೆಂಗಸಿಗೆ 22ರಿಂದ 49 ವಯಸ್ಸು, ಗಂಡಸಿಗೆ 22ರಿಂದ 60. ಜೊತೆಗಾರರಿಗೆ ಮೊದಲೇ ಆಪರೇಷನ್ ಆಗಿರಬಾರದು. ಇಷ್ಟೇ. 'ಎಲ್ಲಿ, ನಿಮ್ಮ ಯಜಮಾನರನ್ನು ಕರೆಸಿ' ಅಂತ ಕೌಂಟರಿನಲ್ಲಿ ಹೇಳಿದರೆ ಅದು ರೂಢಿ, ನಿಯಮ ಅಲ್ಲ.

ಗಂಡನಿಗೋ ಹೆಂಡತಿಗೋ ಅನ್ನುವುದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ಈಗಲೇ ಬೇಕಾ? ನಮ್ಮ ದೇಶದಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತೈದು, ಇಪ್ಪತ್ತಾರರ ಒಳಗೇ ಮಾಡಿಸಿಕೊಂಡವರು. ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತಕ್ಕೆ ಒಂದು, ಇಪ್ಪತ್ತಮೂರಕ್ಕೆ ಇನ್ನೊಂದು, ಆಮೇಲೆ ಆಪರೇಷನ್. ಮುಂದೆ ಇನ್ನೂ ಐವತ್ತು ವರ್ಷದ ಬದುಕು ಬಾಕಿ. ಆ ಅಮೆರಿಕದ ಅಧ್ಯಯನದಲ್ಲೇ, ಮೂವತ್ತರ ಒಳಗೆ ಮಾಡಿಸಿಕೊಂಡ ಹೆಂಗಸರಲ್ಲಿ ಹದಿನಾಲ್ಕು ವರ್ಷದೊಳಗೆ ಶೇ 20ರಷ್ಟು ಮಂದಿ ಪಶ್ಚಾತ್ತಾಪ ಪಟ್ಟಿದ್ದರು. ಮೂವತ್ತು ದಾಟಿದವರಲ್ಲಿ ಇದು ಶೇ 6ರಷ್ಟು. 2004ರ ಸುನಾಮಿಯಲ್ಲಿ ಮಕ್ಕಳನ್ನು ಕಳೆದುಕೊಂಡ ತಮಿಳುನಾಡಿನ ತಾಯಂದಿರಿಗೆ ಅಲ್ಲಿನ ಸರ್ಕಾರ ಟ್ಯೂಬನ್ನು ಮತ್ತೆ ಜೋಡಿಸುವ ಆಪರೇಷನ್ ಉಚಿತವಾಗಿ ಮಾಡಿಸಿಕೊಡಲು ಮುಂದೆ ಬರಬೇಕಾಯಿತು. ಗಂಡಸರದ್ದಿರಲಿ ಹೆಂಗಸರದ್ದಿರಲಿ, ಮತ್ತೆ ಜೋಡಿಸುವುದು ಕಷ್ಟ, ಖರ್ಚು ಜಾಸ್ತಿ, ಗ್ಯಾರಂಟಿ ಇಲ್ಲ. ಪರ್ಮನೆಂಟ್ ಅಂದರೆ ಪರ್ಮನೆಂಟ್ ಅಂತಲೇ ತಿಳಿದು ಹೋಗಬೇಕು.

ತಮಾಷೆ ನೋಡಿ, 2019-21ರ ಸಮೀಕ್ಷೆಯಲ್ಲೇ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ ಮಟ್ಟಕ್ಕಿಂತ ಕೆಳಗೆ ಬಂದಾಗಿದೆ. ಪಕ್ಕದ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರಲ್ಲಿ ಹೆಚ್ಚು ಮಕ್ಕಳನ್ನು ಹೆರಿ ಅಂತ ಕರೆ ಕೊಟ್ಟರು. ನಿನ್ನೆ ಕಟ್ಟಿಸಿಕೊಳ್ಳಿ ಅಂದವರು ಇವತ್ತು ಹೆರಿ ಅಂತಾರೆ. ಎರಡು ಸಲವೂ ಮಾತಾಡುತ್ತಿರುವುದು ಅದೇ ಗರ್ಭಕೋಶದ ಬಗ್ಗೆ.

ಈಗಲೇ ಪರ್ಮನೆಂಟ್ ಬೇಡ ಅನ್ನುವವರಿಗೆ ಕಾಪರ್-ಟಿ ಇದೆ. ಹೆರಿಗೆಯಾದ 48 ಗಂಟೆಯೊಳಗೇ ಹಾಕಬಹುದು, ಒಂದು ಮಾದರಿಯದ್ದು ಹತ್ತು ವರ್ಷ ಬಾಳುತ್ತದೆ, ಬೇಡ ಅಂದ ದಿನ ತೆಗೆಸಬಹುದು. ಮೂರು ತಿಂಗಳಿಗೊಮ್ಮೆ ತಗೊಳ್ಳುವ ಅಂತರಾ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ಇವೂ ಹೆಂಗಸರ ಮೈಗೇ. ಗಂಡಸರಿಗೆ ಅಂತ ಖರಗ್‌ಪುರ ಐಐಟಿಯ ಸುಜೋಯ್ ಗುಹಾ ಎಪ್ಪತ್ತರ ದಶಕದಿಂದ ಒಂದು ಇಂಜೆಕ್ಷನ್ ಮೇಲೆ ಕೆಲಸ ಮಾಡಿಕೊಂಡು ಬಂದಿದ್ದಾರೆ. ನಾಳದೊಳಗೆ ಒಂದು ಜೆಲ್ ಕೂರಿಸುವುದು. 303 ಗಂಡಸರ ಮೇಲೆ ನಡೆದ ಮೂರನೇ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು, ನೂರಕ್ಕೆ 99ರಷ್ಟು ಯಶಸ್ಸು. ಐವತ್ತು ವರ್ಷದ ಕೆಲಸ. ಗಂಡಸರ ವಿಷಯ ಅಂದರೆ ಎಲ್ಲವೂ ನಿಧಾನ.

ತೀರ್ಮಾನ ಹೇಗೆ ಮಾಡಬೇಕು ಅಂತ ಕೇಳಿದರೆ ನನ್ನ ಅಭಿಪ್ರಾಯ ಇಷ್ಟು. ಹೆರಿಗೆ ವಾರ್ಡ್ ಇದಕ್ಕೆ ಜಾಗವಲ್ಲ. ನೋವು ತಿಂದು, ರಕ್ತ ಹೋಗಿ, ನಿದ್ದೆಗೆಟ್ಟು ಮಲಗಿದವಳ ಮುಂದೆ ಫಾರಂ ಹಿಡಿಯುವುದನ್ನು ಕೇಳುವುದು ಅಂತ ಕರೆಯಲು ಆಗುವುದಿಲ್ಲ. ಸೀಮಂತದ ಹೊತ್ತಿಗೇ ಗಂಡ ಹೆಂಡತಿ ಕೂತು ಮಾತಾಡಬೇಕು. ಸಹಜ ಹೆರಿಗೆಯಾದರೆ ಹೆಂಡತಿಗೆ ಮತ್ತೊಂದು ಆಪರೇಷನ್ ಬೇಡ, ಮಗು ವರ್ಷ ದಾಟಿದ ಮೇಲೆ ಗಂಡ ಮಾಡಿಸಿಕೊಳ್ಳಲಿ, ಅಲ್ಲಿಯ ತನಕ ಕಾಂಡೋಮ್ ಅಥವಾ ಕಾಪರ್-ಟಿ. ಸಿಸೇರಿಯನ್ ಆದರೆ, ಅವಳಿಗೆ ನಿಜವಾಗಿ ಸಾಕು ಅನಿಸಿದ್ದರೆ, ಅಲ್ಲೇ. ಎಲ್ಲರ ಮನೆಗೂ ಇದೇ ಹೊಂದುತ್ತದೆ ಅಂತಲ್ಲ. ಆದರೆ ಶುರು ಮಾಡಲು ಇದು ಆ ಎರಡು ನಿಮಿಷಕ್ಕಿಂತ ಒಳ್ಳೆಯದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಗಂಡ ಎದ್ದು ಹೊರಗೆ ಹೋಗದೆ ಅಲ್ಲೇ ಕೂತರೂ ಅರ್ಧ ಕೆಲಸ ಆದಂತೆ.

ಗೆಳೆಯನ ಕತೆ ಪೂರ್ತಿ ಹೇಳಲಿಲ್ಲ. ಮೂರು ತಿಂಗಳಾದ ಮೇಲೆ ಅವನು ಲ್ಯಾಬಿಗೆ ಹೋಗಿ ಸಣ್ಣ ಡಬ್ಬಿಯಲ್ಲಿ ಸ್ಯಾಂಪಲ್ ಕೊಟ್ಟು ಬಂದ. ಮರುದಿನ ರಿಪೋರ್ಟ್ ಬಂತು, ವೀರ್ಯಾಣು ಇಲ್ಲ. ಅವನಿಗೆ ಅದು ಮುಗಿದ ಕತೆ, ಶರ್ಟಿನ ಜೇಬಿನಲ್ಲೇ ಮರೆತಿದ್ದ. ಬಟ್ಟೆ ಒಗೆಯುವಾಗ ಹೆಂಡತಿಯ ಕೈಗೆ ಸಿಕ್ಕಿತು. ಆಕೆ ಅದನ್ನು ಒಣಗಿಸಿ, ಲ್ಯಾಮಿನೇಷನ್ ಮಾಡಿಸಿ, ಬೀರುವಿನಲ್ಲಿ ರೇಷನ್ ಕಾರ್ಡ್, ಮಕ್ಕಳ ಲಸಿಕೆ ಕಾರ್ಡ್ ಇರುವ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿದ್ದಾರೆ. ಆಪರೇಷನ್ ಆದ ದಿನದ ಆಸ್ಪತ್ರೆ ಚೀಟಿಯೂ ಜೊತೆಗಿದೆ. ಅತ್ತೆಗೆ ಮಾತ್ರ ಇನ್ನೂ ಅದು ಹರ್ನಿಯಾ.